ಮಲಗಿದ ಮೇಲೆ ಹೋಗಬೇಕು

ಆ ಅನಾಥಾಲಯದಲ್ಲಿ ಆಯಮ್ಮನ ಮಾತಿಗೆ ಎದುರಾಡುವವರಿಲ್ಲ. ಯಾವ ಮಗುವಿಗೆ ಜ್ವರದ ಔಷಧಿಯನ್ನು ಹೇಗೆ ಪುಸಲಾಯಿಸಿ ಕುಡಿಸಬೇಕು ಎಂಬುದರಿಂದ ಹಿಡಿದು ಒದ್ದೆಯಾದ ಹಾಸಿಗೆಯನ್ನು ಎಲ್ಲಿ ಒಣಹಾಕಬೇಕು ಎಂಬುದರವರೆಗೆ ಆಫೀಸಿನ ಮೇಡಂ ಕೂಡ ಅವಳನ್ನೇ ಕೇಳುತ್ತಾರೆ. ಬಾಯಿ ಒರಟು, ಕೈ ಮೆತ್ತಗೆ. ಬೈಯುತ್ತಲೇ ಮೂಗು ಒರೆಸುತ್ತಾಳೆ, ಬೈಯುತ್ತಲೇ ತಲೆ ಬಾಚುತ್ತಾಳೆ. ಬೈಗುಳ ನಿಂತಿತೆಂದರೆ ಮಕ್ಕಳಿಗೇ ಗಾಬರಿ.

ಅವಳದೊಂದು ಕಟ್ಟುನಿಟ್ಟಾದ ನಿಯಮವಿತ್ತು. ಮಕ್ಕಳನ್ನು ಬಿಟ್ಟು ಹೋಗುವವರು ಯಾರೇ ಆಗಿರಲಿ, ಮಕ್ಕಳು ಮಲಗಿದ ಮೇಲೆ ಹೋಗಬೇಕು. ಇದನ್ನು ಅವಳೇನೂ ಪುಸ್ತಕ ಓದಿ ಕಲಿತದ್ದಲ್ಲ. ಅವಳ ಮಗಳು ಚಿಕ್ಕವಳಿದ್ದಾಗ, ಇವಳು ಕೆಲಸಕ್ಕೆ ಹೊರಟಳೆಂದರೆ ಸೆರಗು ಹಿಡಿದುಕೊಂಡು ಇಡೀ ಬೀದಿಗೆ ಕೇಳುವಂತೆ ಅಳುತ್ತಿದ್ದಳು. ಮಲಗಿಸಿ ಹೊರಡು ಎಂದು ಪಕ್ಕದ ಮನೆಯಾಕೆ ಉಪಾಯ ಹೇಳಿಕೊಟ್ಟಳು. ಹಾಗೇ ಮಾಡಿದಳು, ಅಳುವುದನ್ನು ಕೇಳುವ ಕಷ್ಟ ತಪ್ಪಿತು. ಅಂದಿನಿಂದ ಅದೇ ಅವಳಿಗೆ ವೇದವಾಕ್ಯ. ತಾನೂ ಅಷ್ಟೇ, ಸಂಜೆ ಮಕ್ಕಳನ್ನೆಲ್ಲ ತಟ್ಟಿ ಮಲಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬೆಕ್ಕಿನಂತೆ ಹೊರಗೆ ಬಂದು ಮನೆಗೆ ಹೋಗುತ್ತಿದ್ದಳು.

ಗುಬ್ಬಿ ಎಂಬ ಹುಡುಗಿಯ ತಾಯಿಗೂ ಅವಳು ಅದನ್ನೇ ಹೇಳಿದ್ದು. ಆ ಹೆಂಗಸು ನಾಲ್ಕು ವರ್ಷದ ಮಗಳನ್ನು ಕರೆತಂದು, ಸಾಕಲಾರೆ ಎಂದು ಆಫೀಸಿನಲ್ಲಿ ಬರೆದುಕೊಟ್ಟು, ಹೋಗಲೂ ಆಗದೆ ಇರಲೂ ಆಗದೆ ಜಗಲಿಯ ಮೇಲೆ ಕೂತಿದ್ದಳು. ಆಯಮ್ಮನೇ ಹತ್ತಿರ ಹೋಗಿ, ಮಗು ಮಲಗಲಿ, ಆಮೇಲೆ ಹೋಗು ತಾಯಿ ಎಂದು ಸಮಾಧಾನ ಹೇಳಿದಳು. ಗುಬ್ಬಿ ಎದ್ದಾಗ ಜಗಲಿ ಖಾಲಿ. ಆಮೇಲೆ ಎಷ್ಟೋ ತಿಂಗಳು ಆ ಹುಡುಗಿ ಗೋಡೆಗೆ ಒರಗಿ ಕೂತೇ ತೂಕಡಿಸುತ್ತಿದ್ದಳು, ಮಲಗಿಸಿದರೆ ಎದ್ದು ಕೂರುತ್ತಿದ್ದಳು. ಒಗ್ಗಿಕೊಳ್ಳೋವರೆಗೂ ಹೀಗೇ ಎಂದು ಆಯಮ್ಮ ಅಂದುಕೊಂಡಳು.

ಆ ವರ್ಷ ಸೇವೆಗೆಂದು ದೂರದ ದೇಶದಿಂದ ಬಂದವಳು ಒಬ್ಬ ಹುಡುಗಿ. ಇಂಥವರನ್ನು ಆಯಮ್ಮ ಬೇಕಾದಷ್ಟು ಕಂಡಿದ್ದಳು. ಬರುವಾಗ ಬ್ಯಾಗಿನ ತುಂಬ ಉತ್ಸಾಹ, ಹೋಗುವಾಗ ಫೋನಿನ ತುಂಬ ಫೋಟೋ ಎಂದು ಮೂಗು ಮುರಿಯುತ್ತಿದ್ದಳು. ಆದರೆ ಇವಳ ಜೊತೆ ಮುನಿಸಿಕೊಂಡಿರುವುದು ಕಷ್ಟವಿತ್ತು. ಬಾಗಿಲಿಗೆಲ್ಲ ತಲೆ ತಾಗಿಸಿಕೊಳ್ಳುವಷ್ಟು ಎತ್ತರ, ಅದಕ್ಕೇ ಮಕ್ಕಳು ಉದ್ದಕ್ಕ ಎಂದು ಹೆಸರಿಟ್ಟರು. ಕಲಿತ ನಾಲ್ಕು ಮಾತನ್ನು ಬಹುವಚನದಲ್ಲೇ ಕಲಿತಿದ್ದರಿಂದ ಅಡುಗೆಮನೆಯ ಬೆಕ್ಕಿಗೂ "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಿದ್ದಳು. ಗುಬ್ಬಿ ಅವಳ ಬೆನ್ನ ಹಿಂದೆ ಬಾಲವಾದಳು. ಒಂದು ಮಧ್ಯಾಹ್ನ ಆಯಮ್ಮ ಬಂದು ನೋಡಿದರೆ ಗುಬ್ಬಿ ಉದ್ದಕ್ಕನ ಪಕ್ಕದಲ್ಲಿ ಕೈಕಾಲು ಚಾಚಿ, ಬಾಯಿ ತೆರೆದು ಮಲಗಿದ್ದಳು. ಆಯಮ್ಮನಿಗೆ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕ್ರಿಸ್‌ಮಸ್ ಬಂತು. ಉದ್ದಕ್ಕನಿಗೆ ಅದು ಮನೆಯವರಿಲ್ಲದ ಮೊದಲ ಹಬ್ಬ. ಹಳೇ ಪೇಪರಿನಲ್ಲಿ ನಕ್ಷತ್ರ ಕತ್ತರಿಸಿ ಕಿಟಕಿಗೆ ಕಟ್ಟಿದಳು. ಉಡುಗೊರೆ ತುಂಬಿ ಮಂಚದ ಸರಳುಗಳಿಗೆ ನೇತುಹಾಕಲು ಮಕ್ಕಳ ಕಾಲುಚೀಲ ಕೇಳಿದಾಗ, ಆಯಮ್ಮ ಜೋಡಿ ತಪ್ಪಿದವನ್ನೆಲ್ಲ ಹುಡುಕಿ ತಂದು, ಇವುಕ್ಕೂ ಒಂದು ಭಾಗ್ಯ ಬಂತು ಎಂದು ಕೊಟ್ಟಳು. ಬೆಳಿಗ್ಗೆ ಎಲ್ಲ ಚೀಲಗಳಲ್ಲೂ ಚಾಕೊಲೇಟು, ಬಲೂನು. ಉದ್ದಕ್ಕನ ಚೀಲದಲ್ಲಿ ಮಾತ್ರ ಗುಬ್ಬಿ ಇಟ್ಟಿದ್ದ ಅರ್ಧ ಕಚ್ಚಿದ ಬಿಸ್ಕತ್ತು. ಅದನ್ನು ಅವಳು ಅಲ್ಲೇ ಎಲ್ಲರೆದುರಿಗೆ ತಿಂದಳು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹೋಗಿ ಅಮ್ಮನಿಗೆ ಫೋನ್ ಮಾಡುತ್ತ ಬಿಕ್ಕಿ ಬಿಕ್ಕಿ ಅತ್ತಳು. ಆಯಮ್ಮ ಬೈದು, ಸೆರಗಿನಿಂದ ಅವಳ ಮುಖ ಒರೆಸಿ ಕರೆತಂದಳು.

ವೀಸಾ ಮುಗಿಯುತ್ತಿತ್ತು, ಅಂದು ಸಂಜೆಗೇ ವಿಮಾನ. ಕೇಕು ತಿಂದ ಮೇಲೆ ಮಕ್ಕಳನ್ನೆಲ್ಲ ಕೂರಿಸಿ ಹೋಗಿ ಬರುತ್ತೇನೆಂದು ಹೇಳಬೇಕು ಎಂದುಕೊಂಡಿದ್ದಳು ಉದ್ದಕ್ಕ. ಆಯಮ್ಮ ಅವಳನ್ನು ಅಡುಗೆಮನೆಗೆ ಕರೆದು ನಿಯಮ ಹೇಳಿದಳು.

"ಹೇಳದೆ ಹೋದ್ರೆ ಗುಬ್ಬಿ ನನ್ನ ಹುಡುಕ್ತಾರೆ, ಆಯಮ್ಮ."

"ಹೇಳಿ ಹೋದ್ರೆ ಅಳ್ತಾಳೆ. ನೀನು ವಿಮಾನ ಹತ್ತಿ ಹೋಗ್ತೀಯ, ಅಳೋ ಮಗೂನ ಇಟ್ಕೊಳ್ಳೋಳು ನಾನು. ಸುಮ್ನೆ ನನ್ನ ಮಾತು ಕೇಳು."

ಉದ್ದಕ್ಕ ಕೇಳಿದಳು. ಮಧ್ಯಾಹ್ನ ಗುಬ್ಬಿಯ ಪಕ್ಕದಲ್ಲಿ ಮಲಗಿ, ಅವಳಿಗೆ ನಿದ್ದೆ ಹತ್ತಿದ ಮೇಲೆ ಕತ್ತಿನ ಕೆಳಗಿಂದ ಮೆಲ್ಲನೆ ಕೈ ಬಿಡಿಸಿಕೊಂಡು, ತಿರುಗಿ ನೋಡದೆ ಹೋದಳು.

ಗುಬ್ಬಿ ಎದ್ದು ಬಚ್ಚಲು ನೋಡಿದಳು, ಮಂಚದ ಕೆಳಗೆ ನೋಡಿದಳು, ಅಡುಗೆಮನೆಯ ಬಾಗಿಲ ಹಿಂದೆ ನೋಡಿದಳು. ಯಾರನ್ನೂ ಏನೂ ಕೇಳಲಿಲ್ಲ, ಅಳಲೂ ಇಲ್ಲ. ಆಯಮ್ಮ ಮೇಡಂಗೆ, ನೋಡಿದ್ರಾ, ಒಂದು ಹನಿ ಕಣ್ಣೀರಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡಳು.

ಸಂಜೆ ಊಟ ಮುಗಿದು ಉಳಿದ ಮಕ್ಕಳೆಲ್ಲ ಮಲಗಿದವು. ಗುಬ್ಬಿ ಮಾತ್ರ ಗೋಡೆಗೆ ಒರಗಿ ಕೂತಳು. ರೆಪ್ಪೆ ಎಳೆದಾಗಲೆಲ್ಲ ಬೆಚ್ಚಿ ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ರಾತ್ರಿ ಪಾಳಿಯವಳು ಆಗಲೇ ಬಂದಿದ್ದಳು. ಆಯಮ್ಮ ತಟ್ಟಿದಳು, ಗದರಿದಳು, ಕೊನೆಗೆ ಮಡಿಲಿಗೆ ಎಳೆದುಕೊಂಡು ಯಾಕೆ ಮಲಗಲ್ಲ ಎಂದು ಕೇಳಿದಳು.

"ಮಲಗಿದ್ರೆ ಹೋಗ್ಬಿಡ್ತಾರೆ," ಎಂದಳು ಗುಬ್ಬಿ. ಮತ್ತೆ ಕಣ್ಣು ಉಜ್ಜಿಕೊಂಡು, "ನೀನೂ ಹೋಗ್ತೀಯ. ಎದ್ದಾಗ ನೀನು ಇರಲ್ಲ," ಎಂದಳು.

ಆಯಮ್ಮನಿಗೆ ಮಗಳ ನೆನಪಾಯಿತು. ಎರಡು ಮಕ್ಕಳ ತಾಯಿಯಾದರೂ ಅವಳು ಇಂದಿಗೂ ಚಿಲಕದ ಸದ್ದಿಗೆ ಧಡಕ್ಕನೆ ಎದ್ದು ಕೂರುತ್ತಾಳೆ. ನಿಮ್ಮ ಮಗಳದು ಕಾವಲುಗಾರನ ನಿದ್ದೆ ಎಂದು ಅಳಿಯ ತಮಾಷೆ ಮಾಡಿದಾಗ ಇವಳೂ ನಕ್ಕಿದ್ದಳು. ಅಳು ನಿಲ್ಲಿಸಿದೆನೆಂದು ಇಷ್ಟು ವರ್ಷ ಬೀಗಿದ್ದಳು. ನಿಲ್ಲಿಸಿದ್ದು ನಿದ್ದೆಯನ್ನು. ಎತ್ತರದ ಆ ಹುಡುಗಿ ಕಾಡಿ ಬೇಡಿ ಗಳಿಸಿಕೊಟ್ಟಿದ್ದ ನಿದ್ದೆಯನ್ನೂ ತಾನೇ ಕೈಯಾರೆ ಕಿತ್ತುಕೊಂಡೆ ಎಂದು ಅವಳಿಗೆ ತಡೆಯಲಾರದ ಸಂಕಟವಾಯಿತು.

"ಹೌದು ಕಣೇ, ಹೋಗ್ತೀನಿ," ಎಂದಳು. "ಆದ್ರೆ ನೀನು ಮಲಗಿದ ಮೇಲಲ್ಲ. ಈಗ ಹೋಗ್ತೀನಿ, ನೀನು ನೋಡ್ತಾ ಇರು. ಬೆಳಿಗ್ಗೆ ಬರ್ತೀನಿ."

ಗುಬ್ಬಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳಲು ಶುರುಮಾಡಿದಳು. ಮಧ್ಯಾಹ್ನದಿಂದ ತಡೆದಿಟ್ಟದ್ದೆಲ್ಲ ಹೊರಗೆ ಬಂತು. ಉದ್ದಕ್ಕ, ಅಮ್ಮ, ಆಯಮ್ಮ ಎಂದು ಮೂವರನ್ನೂ ಒಟ್ಟಿಗೇ ಕರೆದಳು. ಮಲಗಿದ್ದ ಮಕ್ಕಳೂ ಎದ್ದವು. ಆಯಮ್ಮ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗುವನ್ನು ಪಾಳಿಯವಳ ಕೈಗೆ ಕೊಟ್ಟು, ಜಗಲಿ ಇಳಿದು ಅಂಗಳ ದಾಟಿದಳು. ಅಳು ಗೇಟಿನವರೆಗೂ ಬಂತು.

ಗೇಟಿನ ಬಳಿ ತಿರುಗಿದಾಗ ಗುಬ್ಬಿ ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತಿದ್ದಳು. ಬಿಕ್ಕುತ್ತಲೇ ಕೈ ಹೊರಗೆ ಚಾಚಿ, "ಟಾಟಾ ಆಯಮ್ಮ," ಎಂದಳು.

ಅಷ್ಟು ವರ್ಷದ ಕೆಲಸದಲ್ಲಿ ಆಯಮ್ಮನಿಗೆ ಒಂದು ಮಗುವೂ ಟಾಟಾ ಹೇಳಿರಲಿಲ್ಲ.