ಅಕ್ಕೋರ ಕಾರಿನ ಗೇರ್‌ಬಾಕ್ಸ್

ಸವಣೂರಿನ ಮೆಕ್ಯಾನಿಕ್ ಬಂದೇಸಾಬರು ನಲವತ್ತು ವರ್ಷಗಳಲ್ಲಿ ಒಂದೂ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿರಲಿಲ್ಲ. ಆದರೆ ಹೊನ್ನವ್ವ ಟೀಚರ್ ಅವರ ಹಳೆಯ ಆಟೋಮ್ಯಾಟಿಕ್ ಕಾರು ಕೆಟ್ಟು ನಿಂತಾಗ ಇಲ್ಲ ಎನ್ನಲಾಗಲಿಲ್ಲ. ಎಡಗಾಲಿನಲ್ಲಿ ಬಲವಿಲ್ಲದ ಟೀಚರ್‌ಗೆ ಕ್ಲಚ್ ತುಳಿಯುವ ಕಾರು ಓಡಿಸಲು ಆಗುತ್ತಿರಲಿಲ್ಲ.

ಗೇರ್‌ಬಾಕ್ಸ್ ಬಿಚ್ಚಿ, ಅದರೊಳಗಿನ ಪ್ಲೇಟುಗಳನ್ನು ಹೆಂಡತಿ ಲಾಲಬಿಯ ಚಾದರದ ಮೇಲೆ ಸಾಲಾಗಿ ಇಟ್ಟು, ಸುಟ್ಟುಹೋದವುಗಳನ್ನು ಬದಲಿಸಿ, ಎಂಟು ದಿನಕ್ಕೆ ಮತ್ತೆ ಕೂಡಿಸಿದರು. ಕಾರು ಮುಂದೆ ಹೋಯಿತು, ಹಿಂದೆ ಬರಲಿಲ್ಲ.

"ಇರ್ಲಿ ಬಿಡ್ರಿ, ನಾ ರಿವರ್ಸ್ ತಗೊಳ್ಳೂದ ಕಡಿಮಿ," ಎಂದು ಟೀಚರ್ ನಕ್ಕರು.

"ಹಂಗ ಕೊಡಂಗಿಲ್ರಿ ಅಕ್ಕೋರ," ಎಂದು ಬಂದೇಸಾಬರು ಮತ್ತೆ ಎಲ್ಲ ಬಿಚ್ಚಿದರು. ರಿವರ್ಸ್ ಗೇರಿಗೆ ಬೇಕಾದ ಎಣ್ಣೆಯ ಒತ್ತಡ ಹಿಡಿದಿಡುವ, ತಾವೇ ಉಲ್ಟಾ ಕೂರಿಸಿದ್ದ ರಬ್ಬರ್ ಸೀಲ್ ಸಿಕ್ಕಿತು. "ತಪ್ಪು ನಂದ ಐತ್ರಿ," ಎಂದು ಒಪ್ಪಿಕೊಂಡು ಸರಿಪಡಿಸಿದರು.

ಮರುದಿನ ಟೀಚರ್ ಲಾಲಬಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಯಲವಿಗಿಯವರೆಗೆ ಕಾರು ಓಡಿಸಿದರು. ಹೆಂಗಸರಿಬ್ಬರ ಮಾತು ನಿಲ್ಲಲೇ ಇಲ್ಲ. ಹಿಂದಿನ ಸೀಟಿನಲ್ಲಿ ಬಂದೇಸಾಬರು ಕಣ್ಣು ಮುಚ್ಚಿ ಗೇರ್ ಬದಲಾಗುವ ಸಪ್ಪಳವನ್ನಷ್ಟೇ ಕೇಳುತ್ತಿದ್ದರು.