ನೂಕು ಬ್ರೇಕಿನ ಮಾದೇಗೌಡರು

ಮಾದೇಗೌಡ ಮೇಸ್ತ್ರಿಗಳಿಗೆ ಮಾತಿಗಿಂತ ಮುಂಚೆ ಕೈ ಬರುತ್ತಿತ್ತು. ಶೆಡ್ಡಿಗೆ ಹೊಸದಾಗಿ ಬಂದ ಡ್ರೈವರುಗಳಿಗೆ ನಾವು ಹೇಳಿಕೊಡುತ್ತಿದ್ದ ಮೊದಲ ಪಾಠವೆಂದರೆ ಅವರ ಬಲಗಡೆ ನಿಲ್ಲಬೇಡಿ ಎಂಬುದು. ಎಡಗಡೆ ನಿಂತರೆ ಅವರು ಮೈ ತಿರುಗಿಸಿ ಹೊಡೆಯಬೇಕಾಗುತ್ತಿತ್ತು, ಅಷ್ಟರಲ್ಲಿ ನಾವು ಒಂದು ಹೆಜ್ಜೆ ಹಿಂದೆ ಸರಿಯಬಹುದಿತ್ತು. ಈ ಪಾಠ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ನನ್ನ ಕಿವಿ ಗುಂಯ್ ಎಂದದ್ದು ನಾಲ್ಕಾರು ದಿನ ನಿಲ್ಲಲಿಲ್ಲ.

ಆಳು ಗಿಡ್ಡ, ಎದೆ ಅಗಲ, ಕತ್ತು ಇದೆಯೋ ಇಲ್ಲವೋ ಎನ್ನುವಂತೆ ಭುಜದ ಮೇಲೆ ಕೂತ ತಲೆ. ಯುದ್ಧದಲ್ಲಿ ಬರ್ಮಾದ ಗಡಿಯವರೆಗೆ ಹೋಗಿ ಪಟಾಲಮ್ಮಿನ ಲಾರಿಗಳನ್ನು ರಿಪೇರಿ ಮಾಡಿ ಬಂದವರು. ಬಂದಮೇಲೆ ಕಡಕೊಳದ ತಮ್ಮ ಹೊಲಗದ್ದೆ ಹಿಡಿಸದೆ, ಬೋಗಾದಿ ದಾರಿಯ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡರು. ನಾನು ಬೋಗಾದಿಯವನೇ. ಆಗ ಅದು ಹಳ್ಳಿ, ಮೈಸೂರಿಗೆ ಹೋಗಬೇಕೆಂದರೆ ರಾಗಿ ಹೊಲಗಳ ನಡುವೆ ಸೈಕಲ್ಲು ತುಳಿಯಬೇಕಿತ್ತು. ಲಕ್ಷ್ಮೀಪುರದ ಸಾಹುಕಾರ್ ರಂಗಪ್ಪನವರ ಹತ್ತಿರ ಜೀಪು ಓಡಿಸುವುದು ನನ್ನ ಕೆಲಸ. ಅವರ ಲಾರಿ ಓಡಿಸುತ್ತಿದ್ದವನು ಚೆಲುವ, ನನ್ನ ಜೊತೆಗಾರ.

ಸಾಹುಕಾರರಿಗೆ ಒಂದು ದೋಣಿಯಿತ್ತು. ಮೋಟಾರು ಕಟ್ಟಿದ ದೊಡ್ಡ ಮರದ ದೋಣಿ. ನೆಂಟರು, ದೊಡ್ಡ ಅಧಿಕಾರಿಗಳು ಬಂದಾಗ ಅದನ್ನು ಟ್ರೇಲರಿನ ಮೇಲೇರಿಸಿ, ಜೀಪಿಗೆ ಕಟ್ಟಿ ಕಣ್ಣಂಬಾಡಿಯ ಹಿನ್ನೀರಿಗೆ ಎಳೆದುಕೊಂಡು ಹೋಗುತ್ತಿದ್ದೆ. ಟ್ರೇಲರು ಮಿಲಿಟರಿ ಹರಾಜಿನಲ್ಲಿ ಸಿಕ್ಕಿದ್ದು. ಅದರ ಬ್ರೇಕಿಗೆ ಪೆಡಲ್ಲಿರಲಿಲ್ಲ, ಜೀಪಿನಿಂದ ಅದಕ್ಕೆ ಯಾವ ತಂತಿಯೂ ಹೋಗುತ್ತಿರಲಿಲ್ಲ. ನನಗೆ ಅದು ಹೇಗೆ ನಿಲ್ಲುತ್ತದೆ ಎಂಬುದೇ ಅರ್ಥವಾಗದೆ ಮೇಸ್ತ್ರಿಗಳನ್ನು ಕೇಳಿದೆ. ಕಿವಿಗೆ ಬಿದ್ದದ್ದು ಆಗಲೇ.

"ಬ್ರೇಕು ಎಲ್ಲೈತೆ ಅಂತ ಗೊತ್ತಿಲ್ದೆ ಇಲ್ಲೀಗಂಟ ಎಳ್ಕಬಂದ್ಯಾ?" ಎಂದು ಒಂದು ಬಿಗಿದು, ಆಮೇಲೆ ಅದೇ ಕೈಯಿಂದ ನನ್ನ ಕತ್ತು ಬಗ್ಗಿಸಿ ಟ್ರೇಲರಿನ ಮೂತಿ ತೋರಿಸಿದರು. "ನೋಡ್ಲಾ. ಮುಂದ್ಗಡೆ ಜೀಪು ನಿಧಾನ ಆಯ್ತದೆ. ಇಂದ್ಗಡೆ ಇರೋ ಇವ್ನಿಗೆ ಅದು ಗೊತ್ತಾಗಕಿಲ್ಲ, ಬಂದು ನೂಕ್ತಾನೆ. ನೂಕ್ದಾಗ ಈ ಮೂತಿ ಕೊಳವೆ ಒಳಿಕ್ಕೋಯ್ತದೆ. ಒಳಿಕ್ಕೋದ್ರೆ ಈ ಕಂಬಿ ಎಳೀತದೆ, ಚಕ್ರದ ಬ್ರೇಕು ಕಚ್ಕತದೆ. ಇವ್ನು ಎಷ್ಟು ನೂಕ್ತಾನೋ ಅಷ್ಟೂ ಇವ್ನ ಕಾಲ ಇವ್ನೇ ಕಟ್ಕತಾನೆ. ತಿಳೀತಾ?"

ತಿಳಿಯಿತು. ಅಂದಿನಿಂದ ನಾವೆಲ್ಲ ಅದನ್ನು ನೂಕು ಬ್ರೇಕು ಎಂದೇ ಕರೆದೆವು.

ಆ ಬ್ರೇಕಿಗೆ ಅವರು ಮಾಡುತ್ತಿದ್ದ ಉಪಚಾರ ಅವರ ಹೆಂಡತಿಗೂ ಸಿಕ್ಕಿರಲಾರದು. ಟ್ರೇಲರು ನೀರಿಗಿಳಿದು ಬಂದ ಪ್ರತಿ ಸಲವೂ ಅದು ಮೊದಲು ಶೆಡ್ಡಿಗೇ ಬರಬೇಕು. ಜಾಕು ಕೊಟ್ಟು ಚಕ್ರ ಎತ್ತಿ, ಡ್ರಮ್ಮು ಬಿಚ್ಚಿ, ಹಿನ್ನೀರಿನ ಕೆಸರನ್ನು ಒಳ್ಳೆಯ ನೀರಿನಲ್ಲಿ ತೊಳೆದು ಬಿಸಿಲಿಗಿಡುವುದು. ಒಣಗಿದ ಮೇಲೆ ಮೂತಿಯ ಕೊಳವೆಗೆ ಗ್ರೀಸು ತುಂಬಿ, ಬ್ರೇಕು ಬಿಗಿ ಮಾಡಿ, ಚಕ್ರ ಕೈಯಲ್ಲಿ ತಿರುಗಿಸಿ, ಸ್ವಲ್ಪ ಸಡಿಲ ಬಿಡುವುದು. ಕೊನೆಗೆ ನಮ್ಮಿಬ್ಬರನ್ನು ಟ್ರೇಲರಿನ ಹಿಂದೆ ನಿಲ್ಲಿಸಿ ಎದೆ ಕೊಟ್ಟು ನೂಕಿಸುತ್ತಿದ್ದರು. ಅವರು ಮುಂದೆ ಕುಕ್ಕರಗಾಲಲ್ಲಿ ಕೂತು, ಮೂತಿ ಒಳಗೆ ಸರಿಯಿತೋ ಇಲ್ಲವೋ ನೋಡುತ್ತಿದ್ದರು. ಹೊಟ್ಟೆಗೆ ಹಿಟ್ಟು ಬಿದ್ದಿಲ್ಲವೇ ಎಂದು ಅಲ್ಲಿಂದಲೇ ಬೈಗುಳ. ನಮ್ಮನ್ನು ಹೊಡೆದ ಕೈ ಆ ಕಬ್ಬಿಣವನ್ನು ಮಾತ್ರ ಹಸುಗೂಸಿನ ತಲೆ ಮುಟ್ಟಿದಂತೆ ಮುಟ್ಟುತ್ತಿತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚಾದದ್ದೂ ಉಂಟು.

ನೂಕು ಬ್ರೇಕಿನ ಒಂದು ಕಿರುಕುಳವೆಂದರೆ ರಿವರ್ಸು. ಹಿಂದಕ್ಕೆ ಹೋಗುವಾಗ ಜೀಪೇ ಟ್ರೇಲರನ್ನು ನೂಕುತ್ತದೆ, ಮೂತಿ ಒಳಗೆ ಹೋಗುತ್ತದೆ, ಬ್ರೇಕು ಕಚ್ಚಿಕೊಳ್ಳುತ್ತದೆ. ನಾನು ಜೀಪಿನಿಂದ ಟ್ರೇಲರು ಬಿಡಿಸಿ, ಆಳುಗಳಿಂದ ನೀರಿಗೆ ಎಳೆಸುತ್ತಿದ್ದೆ. ಒಮ್ಮೆ ನನಗೆ ಜ್ವರ ಬಂದು ಚೆಲುವ ಟ್ರೇಲರು ತೆಗೆದುಕೊಂಡು ಹೋಗಿದ್ದ. ದೋಣಿ ಇಳಿಸುವ ಕಡೆ ಹಿಂದಕ್ಕೆ ಬಿಡಲಾಗದೆ, ಮೂತಿ ಒಳಗೆ ಸರಿಯದಂತೆ ಸಂದಿಗೆ ಒಂದು ಮರದ ಬೆಣೆ ಹೊಡೆದಿದ್ದ. ಕೆಲಸವೇನೋ ಸಲೀಸಾಯಿತು. ಬೆಣೆ ತೆಗೆಯುವುದನ್ನು ಮರೆತು, ಬ್ರೇಕೇ ಇಲ್ಲದ ಟ್ರೇಲರನ್ನು ಶೆಡ್ಡಿನವರೆಗೂ ಎಳೆದುಕೊಂಡು ಬಂದ.

ಬೆಣೆ ಕಂಡದ್ದೇ ತಡ, ಮೇಸ್ತ್ರಿ ಚೆಲುವನ ಕ್ರಾಪು ಹಿಡಿದು ಎಳೆದುಕೊಂಡು ಹೋಗಿ, ಟ್ಯೂಬಿನ ತೂತು ನೋಡಲು ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಅವನ ತಲೆ ಅದ್ದಿದರು. ಎತ್ತಿದರು, ಮತ್ತೆ ಅದ್ದಿದರು. ಚೆಲುವನ ಕಾಲುಗಳು ನೆಲಕ್ಕೆ ಬಡಿಯುತ್ತಿದ್ದವು. ನಾನು ಹೋಗಿ ಸೊಂಟ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ. ಮೂಗಿನಿಂದ ನೀರು ಸೋರಿಸುತ್ತ ಎದ್ದ ಚೆಲುವ ಉಸಿರು ಸಿಕ್ಕ ಕೂಡಲೇ ಹೇಳಿದ್ದಿಷ್ಟು: "ಮೇಸ್ತ್ರಿ, ಮುಂದ್ಲ ಸಲ ಒಸಿ ಬಿಸ್ನೀರು ಕಾಯ್ಸಿ ಮಡ್ಗಿ. ಸೋಪು ನಾನೇ ತತ್ತೀನಿ."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕದ್ದನ್ನು ನಾನು ನೋಡಿದ್ದು ಚೆಲುವನ ಮುಂದೆ ಮಾತ್ರ. ಅವನ ಹೆಂಡತಿ ಸಾಕಮ್ಮ ಬುತ್ತಿ ತಂದರೆ ಮುದ್ದೆಯಲ್ಲಿ ಅರ್ಧ ಮುರಿದು ತಾವು ತಿನ್ನುತ್ತಿದ್ದರು. ಬೇರೆಯವರ ಬುತ್ತಿ ಮುಟ್ಟುತ್ತಿರಲಿಲ್ಲ.

ಹಾಗೆಂದು ಅವರು ಹೊಡೆದದ್ದೆಲ್ಲ ನ್ಯಾಯವಾಗಿತ್ತು ಎನ್ನಲಾರೆ. ಒಂದು ಸಲ ಬ್ರೇಕು ಜಾರುತ್ತಿದೆ ಎಂದು ಸಾಹುಕಾರರು ದೂರಿದಾಗ, ಡ್ರಮ್ಮು ಒಣಗಿಸದೆ ಮುಚ್ಚಿದ್ದೀಯ ಎಂದು ನನ್ನ ಬೆನ್ನ ಮೇಲೆ ಫ್ಯಾನ್ ಬೆಲ್ಟಿನಿಂದ ಬಾರಿಸಿದರು. ಬಿಚ್ಚಿ ನೋಡಿದರೆ ಒಳಗೆ ನೀರಿರಲಿಲ್ಲ, ಡ್ರಮ್ಮನ್ನು ಕಚ್ಚುವ ಲೈನಿಂಗಿನ ಮೇಲೆ ಗ್ರೀಸು ಮೆತ್ತಿತ್ತು. ಗ್ರೀಸು ಹಾಕುವವರು ಅವರೊಬ್ಬರೇ. ಆ ಗ್ರೀಸನ್ನು ಬೆರಳಿನಿಂದ ಒರೆಸಿ ನೋಡಿದರು. ಆಮೇಲೆ ಅದೇ ಬೆಲ್ಟು ತೆಗೆದುಕೊಂಡು ತಮ್ಮ ತೊಡೆಗೆ ತಾವೇ ಬಾರಿಸಿಕೊಳ್ಳತೊಡಗಿದರು. ಚರ್ಮ ಸುಲಿದು ರಕ್ತ ಜಿನುಗಿದರೂ ನಿಲ್ಲಿಸಲಿಲ್ಲ. ನನ್ನ ಪೆಟ್ಟಿಗಿಂತ ಅದನ್ನು ನೋಡುವುದೇ ಹಿಂಸೆಯಾಯಿತು. ಕ್ಷಮಿಸು ಎನ್ನುವ ಮಾತು ಅವರ ಬಾಯಲ್ಲಿ ಇರಲಿಲ್ಲ, ಅವರಿಗೆ ಗೊತ್ತಿದ್ದ ಭಾಷೆ ಇದೊಂದೇ.

ಆ ವರ್ಷ ದಸರಾಕ್ಕೆ ಸಾಹುಕಾರರ ಮನೆ ತುಂಬ ನೆಂಟರು. ಆಯುಧಪೂಜೆಗೆ ಗಾಡಿಗಳೆಲ್ಲ ಹೊಳೆಯಬೇಕೆಂದು ಪೇಂಟರನ್ನು ಕರೆಸಿ ಟ್ರೇಲರಿಗೆ ಹಸಿರು ಬಣ್ಣ ಹೊಡೆಸಿದರು. ಆತ ಒಳ್ಳೆಯ ಕೆಲಸಗಾರ, ಒಂದು ಸಂದಿಯನ್ನೂ ಬಿಡಲಿಲ್ಲ. ಒಳಗೆ ಸರಿಯಬೇಕಾದ ಮೂತಿಗೂ ಕೊಳವೆಗೂ ಸೇರಿಸಿ ಮೂರು ಸಲ ಬಳಿದಿದ್ದ. ಅದರ ಮೇಲೆ ಅರಿಶಿನ, ಕುಂಕುಮ, ಚೆಂಡು ಹೂವಿನ ಹಾರ. ಜಂಬೂ ಸವಾರಿಯ ಮಾರನೆಯ ಬೆಳಿಗ್ಗೆ ದೋಣಿ ಹೇರಿಕೊಂಡು ಹೊರಟೆ. ಪೇಟೆಯ ಸಣ್ಣ ಇಳಿಜಾರಿನಲ್ಲೇ ಟ್ರೇಲರು ಜೀಪಿನ ಬೆನ್ನಿಗೆ ಗುದ್ದಿತು. ಸೀದಾ ಶೆಡ್ಡಿಗೆ ತಿರುಗಿಸಿದೆ.

ಮೇಸ್ತ್ರಿ ಮೂತಿಯನ್ನು ಕೈಯಿಂದ ಒತ್ತಿದರು, ಭುಜ ಕೊಟ್ಟು ಒತ್ತಿದರು. ಅಲ್ಲಾಡಲಿಲ್ಲ. ಟ್ರೇಲರನ್ನು ಜೀಪಿನಿಂದ ಬಿಡಿಸಿ, ಚಕ್ರ ಬಿಚ್ಚಿದರು. ಮಳೆಗಾಲದಲ್ಲಿ ದೋಣಿ ಹೊರಡದೆ, ತಿಂಗಳುಗಟ್ಟಲೆ ಮಳೆಯಲ್ಲಿ ನಿಂತು ಡ್ರಮ್ಮಿನೊಳಗೂ ತುಕ್ಕು ಕಚ್ಚಿತ್ತು. "ನಾಳೆ ಸಂಜೀಗೆ ಬಾ" ಎಂದರು.

ಅಷ್ಟರಲ್ಲಿ ಸಾಹುಕಾರರೇ ಬಂದರು. ಹಿಂದೆಯೇ ಲಾರಿಯಲ್ಲಿ ಚೆಲುವ ಮತ್ತು ಆಳುಗಳು. ನೆಂಟರು ಬೆಳಿಗ್ಗೆಯೇ ಹಿನ್ನೀರಿನ ದಡಕ್ಕೆ ಹೋಗಿ ಕಾಯುತ್ತಿದ್ದರು.

"ಏನ್ರೀ ಮೇಸ್ತ್ರಿ, ಇಷ್ಟು ದಿವ್ಸ ಇಲ್ದೇ ಇದ್ದಿದ್ದು ಇವತ್ತೇ ಬಂತಾ? ಜೀಪಿಗೆ ಬ್ರೇಕ್ ಇದೆಯಲ್ಲ, ಸಾಕು ಬಿಡಿ."

"ಪ್ಯಾಟೇಲಿ ಸಾಕು ಬುದ್ಧಿ. ದಡಕ್ಕಿಳಿಯೋ ಇಳ್ಜಾರ್ನಾಗೆ ಸಾಕಾಗಕಿಲ್ಲ. ಜೀಪ್ನೇ ನೂಕ್ಬುಡ್ತದೆ. ಡ್ರೈವರ್ನ ಎಣ ಎತ್ತಬೇಕಾಯ್ತದೆ."

"ಚಕ್ರ ಹಾಕ್ರೋ" ಎಂದರು ಸಾಹುಕಾರರು, ಆಳುಗಳಿಗೆ. ನನ್ನ ಕಡೆ ತಿರುಗಿ, "ಸಿದ್ದ, ನೀನು ಜೀಪಿಗೆ ಸೇರ್ಸು. ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡ."

ಮನೆಯಲ್ಲಿ ಉಣ್ಣುವ ಬಾಯಿಗಳು ನನ್ನ ಕಣ್ಣ ಮುಂದೆ ಬಂದವು. ಬಗ್ಗಿ ಕೊಕ್ಕೆಗೆ ಕೈ ಹಾಕಿದೆ. "ಬುಡ್ಲಾ ಅದ" ಎಂದರು ಮೇಸ್ತ್ರಿ. ನಾನು ಬಿಡಲಿಲ್ಲ. ಇನ್ನೊಂದು ಸಲ ಅಂದರು, ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ಅದುವರೆಗೆ ಕೇಳಿರಲಿಲ್ಲ. ಮರುಕ್ಷಣ ಜಾಕಿನ ರಾಡು ನನ್ನ ಎಡ ಮುಂಗೈ ಮೇಲೆ ಇಳಿಯಿತು. ಹಸಿ ಕಬ್ಬು ಮುರಿದಂತೆ ಸದ್ದಾಯಿತು. ಕೈ ಮಣಿಕಟ್ಟಿನ ಮೇಲೆ ಇನ್ನೊಂದು ಕಡೆ ಮಡಚಿಕೊಂಡಿತ್ತು. ನಾನು ಕಿರುಚಿದ್ದು ಬೋಗಾದಿಗೆ ಕೇಳಿಸಿತೆಂದು ಆಮೇಲೆ ಜನ ಹೇಳಿದರು.

ಹೊಡೆದವರ ಮುಖ ನನಗಿಂತ ಬಿಳಿಚಿಕೊಂಡಿತ್ತು. ರಾಡು ಕೈಯಲ್ಲಿ ಹಿಡಿದೇ ನಿಂತಿದ್ದರು.

"ಇನ್ನು ಓಡ್ಸೋರೇ ಇಲ್ಲ ಬುದ್ಧಿ, ಓಗಿ" ಎಂದರು.

"ಚೆಲುವಾ, ನೀನು ಹತ್ತು" ಎಂದರು ಸಾಹುಕಾರರು.

ಚೆಲುವ ನನ್ನ ಕೈ ನೋಡಿದ, ಮೇಸ್ತ್ರಿಯ ಮುಖ ನೋಡಿದ. "ಓಗ್ಬ್ಯಾಡ ಕಣ್ಲಾ ಚೆಲುವಾ" ಎಂದರು ಮೇಸ್ತ್ರಿ. "ನಿಧಾನುಕ್ಕೆ ಇಳುಸ್ತೀನಿ ಬುಡಿ ಮೇಸ್ತ್ರಿ. ಬಂದ್ಮೇಲೆ ಅದ್ದೀರಂತೆ ತೊಟ್ಟೀಗೆ" ಎಂದು ನಗುತ್ತ, ಟ್ರೇಲರಿನ ಕೊಕ್ಕೆ ತಾನೇ ಸೇರಿಸಿ ಜೀಪು ಹತ್ತಿ ಕೂತ. ಮೇಸ್ತ್ರಿಯ ಕೈ ಮೇಲೇಳಲಿಲ್ಲ. ನನ್ನ ಮೂಳೆ ಮುರಿದ ಸದ್ದು ಅವರನ್ನು ಹೆದರಿಸಿತ್ತು ಎಂದು ನನ್ನ ಎಣಿಕೆ.

ಮುಂದಿನದು ದೋಣಿ ಹಿಡಿಯಲು ಹೋಗಿದ್ದ ಆಳು ಹೇಳಿದ್ದು. ಇಳಿಜಾರಿನ ಅರ್ಧದಲ್ಲಿ ಚೆಲುವ ಬ್ರೇಕು ಒತ್ತಿದ. ಜೀಪು ನಿಧಾನವಾಯಿತು, ಟ್ರೇಲರು ನಿಧಾನವಾಗಲಿಲ್ಲ. ಹಿಂದಿನಿಂದ ನೂಕಿ ಜೀಪನ್ನು ಅಡ್ಡ ತಿರುಗಿಸಿತು. ಆಳು ಹಾರಿಕೊಂಡ. ಹಗ್ಗ ಕಿತ್ತುಕೊಂಡ ದೋಣಿ ಟ್ರೇಲರು ಬಿಟ್ಟು ಮುಂದಕ್ಕೆ ನುಗ್ಗಿ, ಜೀಪಿನ ಹಿಂಬದಿ ಹರಿದು, ಚೆಲುವನನ್ನು ಸ್ಟೀರಿಂಗಿಗೆ ಅರೆದುಹಾಕಿತು. ಅವನನ್ನು ಬಿಡಿಸಲು ದೋಣಿಯನ್ನು ಕೊಡಲಿಯಿಂದ ಕಡಿಯಬೇಕಾಯಿತಂತೆ.

ಸುದ್ದಿ ಬಂದಾಗ ಮೇಸ್ತ್ರಿ ಕೂಗಾಡಲಿಲ್ಲ. ನಡೆದುಕೊಂಡೇ ಲಕ್ಷ್ಮೀಪುರಕ್ಕೆ ಹೋಗಿ, ಬಾಗಿಲಿಗೆ ಬಂದ ಸಾಹುಕಾರರನ್ನು ಬೀದಿಗೆಳೆದು ಮುಖ ಮೂತಿ ನೋಡದೆ ಬಡಿದರು. ಆಳುಗಳು ದೊಣ್ಣೆ ತೆಗೆದುಕೊಂಡು ಬಿದ್ದರು. ಮೇಸ್ತ್ರಿಯ ಎರಡು ಹಲ್ಲು ಹೋದವು, ಒಂದು ಪಕ್ಕೆಲುಬು ಮುರಿಯಿತು. ಪೊಲೀಸಿನವರು ಹಿಡಿದುಕೊಂಡು ಹೋದರು. ಸಾಹುಕಾರರು ಅದೇನು ಯೋಚಿಸಿದರೋ, ಕೇಸು ಬೇಡವೆಂದರು.

ಬಿಡುಗಡೆಯಾಗಿ ಬಂದಿದ್ದಾರೆಂದು ತಿಳಿದು ನಾನು ಶೆಡ್ಡಿಗೆ ಹೋದೆ. ನನ್ನ ಕೈಗಿನ್ನೂ ಬಿದಿರು ದಬ್ಬೆ ಕಟ್ಟಿತ್ತು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ, ನನ್ನನ್ನು ಉಳಿಸಿದ್ದಾರೆಂಬುದು ಗೊತ್ತಿತ್ತು. ಅದನ್ನು ಹೇಳಲೆಂದೇ ಹೋಗಿದ್ದೆ. ಅವರು ಖಾಲಿ ಡಬ್ಬದ ಮೇಲೆ ಕೂತು ನೆಲ ನೋಡುತ್ತಿದ್ದರು. ಆಗ ಸಾಕಮ್ಮ ಬಂದಳು. ಅಳುತ್ತಿರಲಿಲ್ಲ. ನನ್ನ ಕೈಯನ್ನೇ ತುಸು ಹೊತ್ತು ನೋಡಿ, ಅವರ ಕಡೆ ತಿರುಗಿದಳು.

"ಅಣ್ಣಯ್ಯ, ಸಿದ್ದಣ್ಣನ ಕೈ ಮುರುದ್ರಂತಲ್ಲ, ಓಗ್ಬಾರ್ದು ಅಂತವ."

ಊಂ ಎಂದರು ಮೇಸ್ತ್ರಿ.

"ನಮ್ಮನೆಯವ್ರುದ್ದೂ ಮುರ್ದಾಕ್ಬುಡಕ್ಕೆ ಆಯ್ತಿರ್ನಿಲ್ವಾ? ಕೈಯೋ, ಕಾಲೋ. ಕುಂಟ್ಕಂಡಾದ್ರೂ ಮನೇಲಿರೋರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳುತ್ತಿದ್ದಳು. ಮೇಸ್ತ್ರಿ ಮುಖ ಎತ್ತಿದರು.

"ಆಯ್ತಿತ್ತು ಕಣವ್ವ" ಎಂದರು. "ರಾಡು ಕೈಲೇ ಇತ್ತು."

ಸಾಕಮ್ಮ ತಲೆಯಾಡಿಸಿ, ಸೆರಗು ಸೊಂಟಕ್ಕೆ ಬಿಗಿದುಕೊಂಡು ಹೊರಟುಹೋದಳು. ಮುಂದಿನ ವಾರ ನಾನು ಹೋದಾಗ ಯಾರೋ ಇಬ್ಬರು ಶೆಡ್ಡಿನ ತಗಡು ಬಿಚ್ಚುತ್ತಿದ್ದರು. ಮೇಸ್ತ್ರಿ ಎಲ್ಲಿ ಎಂದು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ.