ಹನ್ನೊಂದು ಗಂಟೆಯ ರೀಡಿಂಗ್

ಮೀಟರ್ ಮಾಮ ಮೂವತ್ತೊಂದು ವರ್ಷ ಊರವರ ಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದವರು. ಮಕ್ಕಳಿಂದ ಮುದುಕರವರೆಗೆ ಬೀದಿಗೆಲ್ಲ ಅವರು ಮಾಮ. ಹಾಗಾಗಿ ಅವರ ಹೆಂಡತಿ, ಹುಟ್ಟಿದಾಗಿನಿಂದ ಒಂದು ಮೀಟರನ್ನೂ ಓದದೆ, ಮೀಟರ್ ಅತ್ತೆ ಆಗಿಬಿಟ್ಟರು. ಅದೇ ಹೊತ್ತಿಗೆ ಹೋಗಬೇಕು, ಮುಟ್ಟದೆ ನೋಡಬೇಕು, ಕಂಡದ್ದನ್ನು ಬರೆಯಬೇಕು, ಇಷ್ಟೇ ಮಾಮನ ವೃತ್ತಿಧರ್ಮ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪುಸ್ತಕದಲ್ಲಿ 'ಬಾಗಿಲು ಬೀಗ' ಎಂದು ಬರೆದು ಮುಂದಿನ ಮನೆಗೆ ಹೋಗಬಹುದಿತ್ತು. ಕಾಲು ನೋಯುವ ದಿನ, ಅಂಗಳದಲ್ಲಿ ನಾಯಿ ಕಂಡ ದಿನ, ತೆರೆದ ಬಾಗಿಲಿಗೂ ಹಾಗೆ ಬರೆದು ನಡೆದವರು ಬೇಕಾದಷ್ಟಿದ್ದರು. ಮಾಮ ಮಾತ್ರ ಒಮ್ಮೆಯೂ ಸುಳ್ಳು ಬರೆದವರಲ್ಲ. ಎರಡು ಸಲ ನಾಯಿಯಿಂದ ಕಚ್ಚಿಸಿಕೊಂಡು ಸತ್ಯ ಬರೆದವರು! ಬಿಲ್ ಕಟ್ಟದವರ ಫ್ಯೂಸ್ ಕೀಳುವುದಕ್ಕೆ ಬೇರೆ ಜನ ಬರುತ್ತಿದ್ದರು. "ನಾನು ಓದೋನು, ಕೀಳೋನಲ್ಲ" ಎನ್ನುವುದು ಮಾಮನ ಹೆಮ್ಮೆ.

ಅತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಆರನೇ ಮಹಡಿಯ ತಾರಸಿಯಲ್ಲಿ ದಿನಕ್ಕೆ ಇನ್ನೂರು ಹೊದಿಕೆ ಹರವಿ, ಮೋಡ ಕವಿದರೆ ಸೆರಗು ಸಿಕ್ಕಿಸಿಕೊಂಡು ಓಡಿ ಇನ್ನೂರನ್ನೂ ಎಳೆದು ಒಳಗೆ ಹಾಕಬೇಕು. ಹೀಗೆ ಬೈಯುತ್ತ ಬೈಯುತ್ತ ಇಪ್ಪತ್ತಾರು ವರ್ಷ ಮೋಡವನ್ನು ನೋಡಿದವರಿಗೆ ಒಂದು ಪ್ರಶ್ನೆ ಹುಟ್ಟಿಕೊಂಡಿತ್ತು.

"ರೀ, ಬಟ್ಟೆಗೆ ಒಳಮೈ ಹೊರಮೈ ಇರುತ್ತಲ್ಲ, ಹಾಗೆ ಮೋಡಕ್ಕೂ ಇರುತ್ತಾ? ನಾವು ಕೆಳಗಿಂದ ನೋಡ್ತಿರೋದು ಯಾವ ಮೈ?"

"ವಿಮಾನದಲ್ಲಿ ಹೋದೋರನ್ನ ಕೇಳ್ಬೇಕು."

"ಕೇಳೋದ್ಯಾಕೆ? ನಾವೇ ಹೋಗೋಣ."

ಇದು ಹೋದ ವರ್ಷದ ಮಾತು. ಸಮುದ್ರದ ದಂಡೆಯ ಊರೊಂದಕ್ಕೆ ಹೋಗುವುದೆಂದು ತೀರ್ಮಾನವಾಗಿ, ಅತ್ತೆಗೆ ರಜೆಯೂ ಸಿಕ್ಕಿತ್ತು. ಟಿಕೆಟ್ ಬೆಲೆ ಇಳಿಯಲಿ ಎಂದು ಮಾಮ ಕಾದರು. ಅದು ಏರಿತು. ಇನ್ನೂ ಕಾದರು. ವಿಮಾನವೇ ಭರ್ತಿಯಾಯಿತು. ಅತ್ತೆ ಎಂಟು ದಿನದ ರಜೆಯಲ್ಲಿ ಅಟ್ಟ ಗುಡಿಸಿದರು. ಈ ವರ್ಷ ಮತ್ತೆ ರಜೆ ಕೇಳಿದಾಗ ಮೇಲಿನವರು ಕೊಟ್ಟರು, ಜೊತೆಗೆ ಒಂದು ಮಾತನ್ನೂ ಸೇರಿಸಿದರು. ಮುಂದಿನ ವರ್ಷ ಹೊಸ ಯಂತ್ರಗಳು ಬರುತ್ತವೆ, ಅಲ್ಲಿಂದ ಎರಡು ವರ್ಷ ರಜೆಯ ಹೆಸರೆತ್ತಬೇಡಿ. ಎರಡು ವರ್ಷ ಕಳೆದರೆ ಅತ್ತೆಯ ಮೊಣಕಾಲು ಹೇಗಿರುತ್ತದೋ, ಯಾರಿಗೆ ಗೊತ್ತು?

ಮಾಮ ಜಿಪುಣರೆಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅದು ಅನ್ಯಾಯದ ಮಾತು. ಅವರನ್ನು ಹಿಡಿದು ಕೂರಿಸಿದ್ದು ಕುತೂಹಲ. ಅವರು ಕಂಡ ಮೀಟರುಗಳೆಲ್ಲ ಮುಂದಕ್ಕೇ ತಿರುಗುವಂಥವು. ಈ ಟಿಕೆಟ್ ಬೆಲೆ ಹಿಂದಕ್ಕೂ ತಿರುಗುತ್ತದೆ! ಏಕೆ ತಿರುಗುತ್ತದೆ? ಯಾರು ತಿರುಗಿಸುತ್ತಾರೆ? ಹಳೆಯ ರೀಡಿಂಗ್ ಪುಸ್ತಕವನ್ನು ಹೊರಗೆ ತೆಗೆದು, ಫೋನಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಅಲಾರಂ ಇಟ್ಟು, ಪ್ರತಿದಿನ ಗೋಡೆಯ ಪಕ್ಕ ನಿಂತುಕೊಂಡೇ ಬೆಲೆ ಓದಿದರು. ಅದೇ ವಿಮಾನ, ಅದೇ ತಾರೀಕು, ಇಬ್ಬರು. ಸೋಮವಾರಕ್ಕೂ ಬೆಲೆಗೂ ಸಂಬಂಧವಿದೆಯೇ ಎಂದು ನೋಡಿದರು. ಮಳೆಗೂ ಅದಕ್ಕೂ ನಂಟಿದೆಯೇ ಎಂದು ನೋಡಿದರು. ತಾವು ಸೀನಿದ ದಿನ ಏರುತ್ತದೆಯೇ ಎಂಬುದನ್ನೂ ಬಿಡಲಿಲ್ಲ. ನಲವತ್ತು ದಿನದ ರೀಡಿಂಗ್ ಸೇರಿತು. ಟಿಕೆಟ್ ಕೊಳ್ಳುವ ಗುಂಡಿಯನ್ನು ಮಾತ್ರ ಮುಟ್ಟಲಿಲ್ಲ.

"ಇವತ್ತು ಕಡಿಮೆ ಇದೆಯಲ್ರೀ, ತಗೊಳ್ಳಿ" ಎಂದು ಅತ್ತೆ ಎರಡು ಸಲ ಹೇಳಿದರು.

"ನಾಳಿನ ರೀಡಿಂಗ್ ಒಂದು ಬರಲಿ."

"ಹೀಗೆ ಮೀನ ಮೇಷ ಎಣಿಸ್ತಾ ಇರಿ. ನನಗೆ ಅಟ್ಟ ಇದ್ದೇ ಇದೆ."

ನಲವತ್ತೊಂದನೆಯ ದಿನ ಕೆಲಸ ಮುಗಿಸಿ ಬರುವಾಗ ಅತ್ತೆ ಸರ್ಕಲ್ಲಿನ ಟಿಕೆಟ್ ಅಂಗಡಿಗೆ ನುಗ್ಗಿದರು. ಅಂಗಡಿಯಾಕೆ ಇದೇ ಬೀದಿಯಲ್ಲಿ ಬೆಳೆದವಳು. ಇಬ್ಬರ ಬೆಲೆ ಕೇಳಿದರೆ ಮಾಮನ ಪುಸ್ತಕದಲ್ಲಿ ಇದ್ದಷ್ಟೇ ಹೇಳಿದಳು. ಅತ್ತೆ ಸುಮ್ಮನೆ ಕುತೂಹಲಕ್ಕೆ, "ನನಗೊಬ್ಬಳಿಗಾದ್ರೆ ಎಷ್ಟಮ್ಮ?" ಎಂದರು.

ಅವಳು ಹೇಳಿದ ಬೆಲೆ ಆ ಮೊತ್ತದ ಅರ್ಧವಲ್ಲ, ಕಾಲು ಭಾಗಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೇ.

"ಇದೇನೇ ಇದು ಲೆಕ್ಕ?"

"ಸೀಟುಗಳನ್ನ ಐದಾರು ಬುಟ್ಟಿಗೆ ಹಂಚಿಟ್ಟಿರ್ತಾರೆ ಅತ್ತೆ, ಒಂದೊಂದು ಬುಟ್ಟಿಗೆ ಒಂದೊಂದು ಬೆಲೆ. ಕಡಿಮೆ ಬೆಲೆ ಬುಟ್ಟೀಲಿ ಈಗ ಒಂದೇ ಸೀಟು ಉಳಿದಿದೆ. ಎರಡು ಕೇಳಿದ್ರೆ ಎರಡನ್ನೂ ಮೇಲಿನ ಬುಟ್ಟಿಯಿಂದಲೇ ಕೊಡೋದು. ಮಾಮ ಯಾವಾಗ್ಲೂ ಇಬ್ಬರಿಗೇ ನೋಡ್ತಿದ್ರು ಅನ್ಸುತ್ತೆ."

ಎಲಾ! ನಲವತ್ತು ದಿನ ಮಾಮನ ಕಣ್ಣಿಗೆ ಬೀಳದ್ದು ನಾಲ್ಕು ನಿಮಿಷದಲ್ಲಿ ಸಿಕ್ಕಿತ್ತು. ಅತ್ತೆ ಸ್ವಲ್ಪ ಹೊತ್ತು ಕೈಚೀಲದ ಜಿಪ್ಪನ್ನು ಎಳೆದರು, ಮುಚ್ಚಿದರು.

"ಆ ಒಂದು ಸೀಟು ನನಗೆ ಹಾಕು. ಕಿಟಕಿ ಪಕ್ಕದ್ದು."

ಮನೆಗೆ ಬಂದು ಕಾಗದವನ್ನು ಮೇಜಿನ ಮೇಲಿಟ್ಟರು. ಮಾಮ ಅದನ್ನೂ ಮೀಟರಿನಂತೆ, ಕೈ ತಾಕಿಸದೆ, ಬಗ್ಗಿ ಓದಿದರು.

"ಒಂದೇ ಇದೆ?"

"ಹೂಂ."

"ನನ್ನ ಬಿಟ್ಟು ಹೋಗ್ತೀಯಾ?"

"ನಿಮ್ಮನ್ನ ಬೇಡ ಅಂದೋರ್ಯಾರು? ನೀವು ಬರ್ಕೊಳ್ತಾ ಇರಿ. ನಾನು ನೋಡ್ಕೊಂಡು ಬಂದು ಹೇಳ್ತೀನಿ."

ಅತ್ತೆಯ ದನಿಯಲ್ಲಿ ಸಿಟ್ಟಿದ್ದರೆ ಮಾಮ ತಡೆದುಕೊಳ್ಳುತ್ತಿದ್ದರು. ಇರಲಿಲ್ಲ. ಅದೇ ಅವರ ಎದೆಗೆ ಚುಚ್ಚಿತು. ಇಷ್ಟು ವರ್ಷ ಪಕ್ಕದಲ್ಲೇ ಇದ್ದವಳು ಇನ್ನು ತನಗಾಗಿ ಕಾಯುವುದಿಲ್ಲ ಎಂಬ ರೀಡಿಂಗ್ ಅವರ ಯಾವ ಪುಸ್ತಕದಲ್ಲೂ ಬಂದಿರಲಿಲ್ಲ.

ಮರುದಿನ ಹನ್ನೊಂದಕ್ಕೆ ಅಲಾರಂ ಹೊಡೆದಾಗ ಮಾಮ ಟಿಕೆಟ್ ಅಂಗಡಿಯಲ್ಲಿದ್ದರು. ಅಂಗಡಿಯಾಕೆ ಪರದೆ ನೋಡಿ ತುಟಿ ಕಚ್ಚಿದಳು.

"ನಿನ್ನೆಗಿಂತ ಏರಿದೆ ಮಾಮ. ಅತ್ತೆ ಕೊಟ್ಟಿದ್ದರ ಎರಡೂವರೆ ಪಟ್ಟು. ಒಂದು ದಿನ ನೋಡ್ತೀರಾ? ಇಳಿದ್ರೂ ಇಳೀಬಹುದು."

ಒಂದು ದಿನ! ನಲವತ್ತು ಸಲ ಅವರಿಗೆ ಮೋಸ ಮಾಡಿದ ಮಾತು. ಮಾಮನ ಕೈ ಅಭ್ಯಾಸಬಲದಿಂದ ಜೇಬಿನ ಪುಸ್ತಕಕ್ಕೆ ಹೋಯಿತು. ಅಲ್ಲಿಂದ ಪಕ್ಕದ ಪಾಕೀಟಿಗೆ ಸರಿಯಿತು.

"ಇವತ್ತಿಂದೇ ಹಾಕಮ್ಮ. ಅವಳ ಪಕ್ಕದ ಸೀಟು ಖಾಲಿ ಇದೆಯಾ ನೋಡು."

"ಇದೆ. ನಿನ್ನೆ ಅತ್ತೆ ಮೂರು ಸಲ ಕೇಳಿದ್ರು, ಪಕ್ಕದ್ದು ಖಾಲಿ ಇದೆ ತಾನೇ ಅಂತ."

ಮಾಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಆದರೆ ಮೂವತ್ತೊಂದು ವರ್ಷದ ಚಟ ಸುಲಭಕ್ಕೆ ಬಿಡುತ್ತದೆಯೇ? ಮಾರನೆಯ ದಿನ ಅಲಾರಂ ಹೊಡೆದೊಡನೆ ಗೋಡೆಯ ಪಕ್ಕ ನಿಂತು ಫೋನು ನೋಡಿದರು. ಬೆಲೆ ದಬಕ್ಕನೆ ಬಿದ್ದಿತ್ತು. ಅತ್ತೆ ಕೊಟ್ಟದ್ದಕ್ಕಿಂತಲೂ ಕಡಿಮೆ! ಅಡುಗೆಮನೆಯಲ್ಲಿ ಅತ್ತೆ ಪೆಟ್ಟಿಗೆಗೆ ಹಾಕಬೇಕಾದ ಬಟ್ಟೆಗಳ ಪಟ್ಟಿಯನ್ನು ತಮಗೆ ತಾವೇ ಜೋರಾಗಿ ಓದಿಕೊಳ್ಳುತ್ತಿದ್ದರು. ಮಾಮ ಅದನ್ನು ಕೇಳುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಪುಸ್ತಕದಲ್ಲಿ ಏನೋ ಬರೆದು, ಮುಚ್ಚಿ, ಜೇಬಿಗೆ ಸೇರಿಸಿದರು.

ಹೊರಡುವ ದಿನ ವಿಮಾನ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಮೇಲೇರಿತು. ಕಿಟಕಿಯಾಚೆ ಬೂದು ಬಣ್ಣ ತುಂಬಿ, ಮೈಯೆಲ್ಲ ಒಮ್ಮೆ ಕುಲುಕಿ, ಆಮೇಲೆ ಕಣ್ಣು ಕುಕ್ಕುವ ಬಿಸಿಲು ಬಂತು. ಅತ್ತೆ ಗಾಜಿಗೆ ಹಣೆ ಒತ್ತಿ ಉಸಿರು ಬಿಗಿಹಿಡಿದು ನೋಡಿದರು.

"ರೀ, ಇದೇ ಹೊರಮೈ. ಇಪ್ಪತ್ತಾರು ವರ್ಷ ನಾನು ನೋಡಿದ್ದು ಒಳಮೈ."

ಆಗಲೇ ಮಾಮನ ಜೇಬಿನಲ್ಲಿ ಹನ್ನೊಂದರ ಅಲಾರಂ ಹೊಡೆಯಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಮಾಮ ಗಡಬಡಿಸಿ ಅದನ್ನು ನಿಲ್ಲಿಸಿ, ಪುಸ್ತಕ ತೆಗೆದು, ತಾರೀಕಿನ ಮುಂದೆ 'ಮೋಡ, ಮೇಲುಗಡೆ: ಬಿಳಿ' ಎಂದು ಬರೆದರು. ಅತ್ತೆ ನಗುತ್ತ ಪುಸ್ತಕ ಕಸಿದುಕೊಂಡು ಹಿಂದಿನ ಹಾಳೆ ತಿರುವಿದರು. ಉದ್ದಕ್ಕೂ ಅಂಕಿಗಳು. ಮಾಮ ಟಿಕೆಟ್ ಕೊಂಡ ಮಾರನೆಯ ದಿನದ ಮುಂದೆ ಮಾತ್ರ ಅಂಕಿಯಿಲ್ಲ, ದುಂಡಗಿನ ಅಕ್ಷರದಲ್ಲಿ 'ಬಾಗಿಲು ಬೀಗ'.

"ಫೋನಿಗೆ ಎಲ್ರೀ ಬಾಗಿಲು?"

ಮಾಮನ ಕಿವಿ ಕೆಂಪಗಾಯಿತು.

"ನೀನು ಕಿಟಕಿ ನೋಡು" ಎಂದರು.